ಸಾಂಬಾರಿನ ಸೌಟಿನಲ್ಲಿ ಬೇಳೆ ಎಷ್ಟಿದೆ? ಶಾಲೆಯ ಬಿಸಿಯೂಟವನ್ನು ಇನ್ನಷ್ಟು ಪೌಷ್ಟಿಕಗೊಳಿಸುವ ಬಗ್ಗೆ

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 112 ಮಕ್ಕಳಿದ್ದಾರೆ. ಒಂದರಿಂದ ಐದನೆಯ ತರಗತಿಯವರೆಗೆ 70, ಆರು ಮತ್ತು ಏಳನೆಯ ತರಗತಿಗಳಲ್ಲಿ 42. ನಾನು ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆ, ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಬಿಸಿಯೂಟ ತಪ್ಪದೆ ನಡೆಯುತ್ತಿದೆ. ಆದರೂ ಆರೋಗ್ಯ ತಪಾಸಣೆಗೆ ಬಂದಿದ್ದವರು ಹಲವು ಮಕ್ಕಳಿಗೆ ರಕ್ತಹೀನತೆ ಇದೆ ಎಂದು ಹೇಳಿ ಹೋದರು. ಮಕ್ಕಳು ಸಾಂಬಾರಿನ ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಇರುವ ಹಣದಲ್ಲಿಯೇ ಊಟವನ್ನು ಹೆಚ್ಚು ಪೌಷ್ಟಿಕ ಮಾಡುವುದು ಹೇಗೆ? ಮೊಟ್ಟೆ ತಿನ್ನದ ಮಕ್ಕಳಿಗೆ ಏನು ಕೊಡಬೇಕು? ಊರಿನ ದಾನಿಯೊಬ್ಬರು ಮಕ್ಕಳಿಗೆ ಡಬ್ಬಿಯ ಪ್ರೋಟೀನ್ ಪುಡಿ ಕೊಡಿಸುತ್ತೇನೆ ಎನ್ನುತ್ತಿದ್ದಾರೆ, ಒಪ್ಪಿಕೊಳ್ಳಬಹುದೇ?

ಉತ್ತರ: ಮಕ್ಕಳ ಸಂಖ್ಯೆಯನ್ನು ತರಗತಿವಾರು ಕೊಟ್ಟು ನೀವು ನನ್ನ ಕೆಲಸವನ್ನು ಸುಲಭ ಮಾಡಿದ್ದೀರಿ, ಏಕೆಂದರೆ ಬಿಸಿಯೂಟದ ಪೌಷ್ಟಿಕತೆಯ ಮಾತು ಮೊದಲು ಲೆಕ್ಕದಿಂದಲೇ ಶುರುವಾಗಬೇಕು. ಆಹಾರ ಮತ್ತು ಪೋಷಣೆಯ ವಿಷಯವನ್ನು ಹಲವು ವರ್ಷ ಬೋಧಿಸಿ, ಆ ನೆಪದಲ್ಲಿ ಅನೇಕ ಶಾಲೆಗಳ ಅಡುಗೆಮನೆಗಳಲ್ಲಿ ನಿಂತು ನೋಡಿದ ಮೇಲೆ ನನಗೆ ದೃಢವಾಗಿರುವ ಅಭಿಪ್ರಾಯ ಒಂದೇ. ನಮ್ಮ ಶಾಲೆಗಳಲ್ಲಿ ಕೊರತೆ ಇರುವುದು ಬಹುಮಟ್ಟಿಗೆ ಊಟದ ಪಟ್ಟಿಯಲ್ಲಲ್ಲ. ಉಗ್ರಾಣದಿಂದ ತೂಗಿ ಕೊಟ್ಟ ಪೋಷಕಾಂಶ ಮಗುವಿನ ಹೊಟ್ಟೆಯನ್ನು ಮುಟ್ಟುವ ದಾರಿಯಲ್ಲಿ ಅಲ್ಲಲ್ಲಿ ಸೋರಿಹೋಗುತ್ತದೆ. ಆ ಸೋರಿಕೆಯನ್ನು ತಡೆಯಲು ಹೊಸ ಹಣ ಬೇಕಾಗುವುದು ಕಡಿಮೆ.

ಮೊದಲು ನಿಮ್ಮ ಹಕ್ಕಿನ ಮಾತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಶಾಲೆಗಳಲ್ಲಿ ಧಾನ್ಯ ಹಂಚುವುದರ ಬದಲು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಅದರ ಬೆನ್ನಿಗೆ 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಆರಂಭವಾಗಿ, ಆಮೇಲೆ ರಾಜ್ಯವಿಡೀ ಹಬ್ಬಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದ ಮೇಲಂತೂ ಈ ಊಟ ಕಾನೂನಿನ ಮೂಲಕ ಮಗುವಿಗೆ ಸಲ್ಲಬೇಕಾದ ಪಾಲಾಗಿದೆ. ಆದ್ದರಿಂದ ಎಸ್‌ಡಿಎಂಸಿ ಸದಸ್ಯೆಯಾದ ನೀವು ಅಡುಗೆಮನೆಗೆ ಹೋಗಿ ಇವತ್ತು ಬೇಳೆ ಎಷ್ಟು ತೂಗಿದಿರಿ ಎಂದು ಕೇಳಿದರೆ ಅದು ಯಾರ ಮೇಲಿನ ಅನುಮಾನವೂ ಅಲ್ಲ, ನಿಮ್ಮ ಹೊಣೆ.

ತೂಗಬೇಕಾದದ್ದು ಎಷ್ಟು? ಪ್ರಾಥಮಿಕ ತರಗತಿಯ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆಕಾಳು, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ನಿಗದಿಯಾಗಿದೆ. ಇವುಗಳಿಂದ 450 ಕಿಲೋ ಕ್ಯಾಲರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ನಿಯಮ. ಆರನೆಯ ತರಗತಿಯಿಂದ ಮೇಲಿನವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ, ಅಂದರೆ 700 ಕಿಲೋ ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನ್. ನಿಮ್ಮ ಶಾಲೆಯ ಸಂಖ್ಯೆಗೆ ಇದನ್ನು ಗುಣಿಸಿದರೆ, ಎಲ್ಲ ಮಕ್ಕಳೂ ಹಾಜರಿರುವ ದಿನ 13 ಕಿಲೋ 300 ಗ್ರಾಂ ಅಕ್ಕಿ, 2 ಕಿಲೋ 660 ಗ್ರಾಂ ಬೇಳೆ, 6 ಕಿಲೋ 650 ಗ್ರಾಂ ತರಕಾರಿ ಮತ್ತು 665 ಗ್ರಾಂ ಎಣ್ಣೆ ಒಲೆಯ ಹತ್ತಿರ ಬರಬೇಕು. ಈ ನಾಲ್ಕು ಅಂಕಿಗಳನ್ನು ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಹಾಜರಾತಿ ಕಡಿಮೆಯಾದ ದಿನಕ್ಕೆಂದು 100 ಮಕ್ಕಳ ಮತ್ತು 90 ಮಕ್ಕಳ ಲೆಕ್ಕವನ್ನೂ ಪಕ್ಕದಲ್ಲಿ ಬರೆಸಿದರೆ ಅಡುಗೆಯವರು ಪ್ರತಿದಿನ ಲೆಕ್ಕ ಹಾಕುವ ಕಷ್ಟ ತಪ್ಪುತ್ತದೆ.

ಈಗ ಆ ಬೇಳೆಯ ಹಿಂದೆ ನಡೆದು ನೋಡೋಣ. ಹಳೆಯ ಮೈಸೂರು ಭಾಗದ ಒಂದು ಶಾಲೆಯಲ್ಲಿ ಸುಮಾರು ನಿಮ್ಮಲ್ಲಿರುವಷ್ಟೇ ಮಕ್ಕಳಿದ್ದರು. ಬೇಳೆಯನ್ನು ಸರಿಯಾಗಿ ತೂಗಿಯೇ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಬೇಳೆ ಬೆಂದ ಮೇಲೆ ಮುಖ್ಯ ಅಡುಗೆಯವರು ಒಂದರ ಹಿಂದೆ ಒಂದರಂತೆ ಬಿಂದಿಗೆ ನೀರು ಸುರಿದು, ಪಾತ್ರೆಯನ್ನು ಕಂಠದವರೆಗೆ ತುಂಬಿಸಿದರು. ಇಷ್ಟು ನೀರು ಏಕೆಂದು ಕೇಳಿದಾಗ ಆಕೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: ‘ಸಾಂಬಾರು ಸಾಲದೆ ಹೋದ್ರೆ ಬೈಸ್ಕೊಳ್ಳೋರು ನಾವಲ್ವಾ ಮೇಡಂ, ಅದಕ್ಕೇ ಎರಡು ಬಿಂದಿಗೆ ಜಾಸ್ತೀನೇ ಇಡ್ತೀವಿ.’ ಆಕೆಯ ಭಯ ಸಹಜವಾದದ್ದು. ಸಾಂಬಾರು ತೆಳ್ಳಗಾಯಿತೆಂದು ಯಾರೂ ಆಕೆಯನ್ನು ಕೇಳಿರಲಿಲ್ಲ, ಸಾಲಲಿಲ್ಲ ಎಂದು ಮಾತ್ರ ಕೇಳಿದ್ದರು.

ಆ ನೀರಿನ ಬೆಲೆ ಎಷ್ಟೆಂದು ನಿಮ್ಮ ಅಂಕಿಗಳಲ್ಲಿಯೇ ತೋರಿಸುತ್ತೇನೆ. ಒಂದು ಮಗು ಸರಾಸರಿ 200 ಮಿಲಿ ಲೀಟರ್ ಸಾಂಬಾರು ಹಾಕಿಸಿಕೊಳ್ಳುತ್ತದೆ ಎಂದಿಟ್ಟುಕೊಂಡರೆ 112 ಮಕ್ಕಳಿಗೆ ಸುಮಾರು ಇಪ್ಪತ್ತೆರಡು ಲೀಟರ್ ಸಾಕು. ಅದೇ ಬೇಳೆಯಿಂದ ಮೂವತ್ತಾರು ಲೀಟರ್ ಸಾಂಬಾರು ಮಾಡಿದರೂ ಮಗು ಹಾಕಿಸಿಕೊಳ್ಳುವುದು ಅಷ್ಟೇ 200 ಮಿಲಿ ಲೀಟರ್. ಹಾಗಾಗಿ ಬೇಳೆಯಲ್ಲಿ ಸುಮಾರು ಒಂದು ಕಿಲೋ ಪಾತ್ರೆಯಲ್ಲಿಯೇ ಉಳಿದು, ಸಂಜೆಗೆ ದನದ ಕಲಗಚ್ಚಿಗೆ ಸೇರುತ್ತದೆ. ಅನ್ನದ 100 ಗ್ರಾಂ ಅಕ್ಕಿಯಿಂದ ಮಗುವಿಗೆ ಏಳೆಂಟು ಗ್ರಾಂ ಪ್ರೋಟೀನ್ ಸಿಗುತ್ತದೆ, ಉಳಿದ ನಾಲ್ಕೂವರೆ ಗ್ರಾಂ ಈ 20 ಗ್ರಾಂ ಬೇಳೆಯಿಂದಲೇ ಬರಬೇಕು. ಅಷ್ಟೇ ಅಲ್ಲ, ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಸಮೃದ್ಧ. ಎರಡೂ ಸರಿಯಾದ ಪ್ರಮಾಣದಲ್ಲಿ ಕೂಡಿದಾಗ ಮಾತ್ರ ಅನ್ನದಲ್ಲಿರುವ ಪ್ರೋಟೀನ್ ಕೂಡ ಮೈಗೆ ಪೂರ್ತಿ ಹತ್ತುತ್ತದೆ. ಬೇಳೆ ಕಡಿಮೆಯಾದರೆ ನಷ್ಟ ಬೇಳೆಯದಷ್ಟೇ ಅಲ್ಲ, ಅನ್ನದ್ದೂ ಹೌದು.

ಇದಕ್ಕೆ ಪರಿಹಾರ ಸರಳ. ಸಾಂಬಾರು ಮಾಡುವ ಪಾತ್ರೆಯಲ್ಲಿ ಒಮ್ಮೆ ಅಳತೆ ಮಾಡಿ ನೀರು ಹೊಯ್ದು, ಇಪ್ಪತ್ತೆರಡು ಲೀಟರಿನ ಮಟ್ಟ ಎಲ್ಲಿಗೆ ಬರುತ್ತದೆಂದು ನೋಡಿ, ಅಲ್ಲಿಗೆ ಹೊರಗಿನಿಂದ ಬಣ್ಣದ ಗೆರೆ ಎಳೆಯಿಸಿ. ಸಾಂಬಾರು ಆ ಗೆರೆಯನ್ನು ದಾಟಬಾರದು. ಒಂದು ದಿನ ಸಾಲದೆ ಹೋದರೆ ಅಡುಗೆಯವರನ್ನು ಯಾರೂ ಗದರುವುದಿಲ್ಲ ಎಂದು ಮುಖ್ಯ ಶಿಕ್ಷಕರಿಂದ ಮೊದಲೇ ಹೇಳಿಸಿ, ಇದು ಗೆರೆ ಎಳೆಯುವುದಕ್ಕಿಂತ ಮುಖ್ಯ. ಜೊತೆಗೆ, ಬಡಿಸುವವರು ಪ್ರತಿ ಸಲವೂ ಸೌಟನ್ನು ತಳಕ್ಕೆ ಮುಟ್ಟಿಸಿ ಕಲಕಿ ಬಡಿಸಬೇಕು. ಬೇಳೆ ತಳ ಹಿಡಿಯುವ ಪದಾರ್ಥ. ಚಿಕ್ಕ ಮಕ್ಕಳ ಸಾಲು ಮೊದಲು ಬರುವ ಶಾಲೆಗಳಲ್ಲಿ ಒಂದನೆಯ ತರಗತಿಯವರಿಗೆ ಮೇಲಿನ ತಿಳಿಯೂ ಏಳನೆಯವರಿಗೆ ತಳದ ಗಟ್ಟಿಯೂ ಸಿಗುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಊಟಕ್ಕೆ ಮುನ್ನ ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಹೇಗೂ ಇದೆ. ಅವರು ಉಪ್ಪು ಹುಳಿಯ ಜೊತೆಗೆ ಸಾಂಬಾರು ಎಷ್ಟು ಗಟ್ಟಿಯಿದೆ ಎಂಬುದನ್ನೂ ಬರೆದಿಡಲಿ.

ತರಕಾರಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ತರಕಾರಿ ಸರಿಸುವ ಮಕ್ಕಳನ್ನು ದೂರುವ ಮೊದಲು ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ನೋಡಿ. ಎರಡನೆಯ ತರಗತಿಯ ಹುಡುಗಿಯೊಬ್ಬಳು ಸೋರೆಕಾಯಿಯ ಐದು ಹೋಳುಗಳನ್ನು ತಟ್ಟೆಯ ಅಂಚಿನಲ್ಲಿ ಬಳೆ ಜೋಡಿಸಿದಂತೆ ಸಾಲಾಗಿ ಇಟ್ಟು, ಅನ್ನವನ್ನಷ್ಟೇ ಉಂಡು ಎದ್ದುಹೋದದ್ದನ್ನು ನಾನು ನೋಡುತ್ತ ಕುಳಿತಿದ್ದೆ. ಒಂದು ಹೋಳನ್ನು ಎತ್ತಿ ನೋಡಿದರೆ ಹೆಬ್ಬೆರಳಿನಷ್ಟು ದಪ್ಪ, ಒಳಗೆ ಉಪ್ಪು ಖಾರ ಇಳಿದಿರಲೇ ಇಲ್ಲ. ಆ ವಯಸ್ಸಿನ ಮಗುವಿನ ಬಾಯಿಗೆ ಅದು ತುತ್ತಾಗುವುದು ಕಷ್ಟ. ನೂರಕ್ಕಿಂತ ಹೆಚ್ಚು ಮಕ್ಕಳಿಗೆ ಆರೂವರೆ ಕಿಲೋ ತರಕಾರಿಯನ್ನು ಇಬ್ಬರು ಮೂವರು ಹೆಂಗಸರು ಬೆಳಗಿನ ಹೊತ್ತು ಕೈಯಲ್ಲಿ ಹೆಚ್ಚಬೇಕಾದಾಗ ಹೋಳು ದಪ್ಪವಾಗುವುದು ಅವರ ತಪ್ಪೂ ಅಲ್ಲ. 26ರಿಂದ 100 ಮಕ್ಕಳಿಗೆ ಇಬ್ಬರು, ಅನಂತರದ ಪ್ರತಿ 100 ಮಕ್ಕಳಿಗೆ ಇನ್ನೊಬ್ಬರು ಎಂಬುದು ನಿಯಮ. ಅಂದರೆ ನಿಮ್ಮ ಶಾಲೆಗೆ ಮೂವರು ಇರಬೇಕು. ಮೂವರೂ ಇದ್ದಾರೆಯೇ ನೋಡಿಕೊಳ್ಳಿ.

ಈ ಸಮಸ್ಯೆಗೆ ಪರಿಹಾರವನ್ನು ನಮ್ಮ ಅಜ್ಜಿಯರು ಎಂದೋ ಕಂಡುಕೊಂಡಿದ್ದಾರೆ. ಮಸ್ಸೊಪ್ಪು ಮಾಡಿದರೆ ಸೊಪ್ಪನ್ನು ಸರಿಸಲು ಯಾವ ಮಗುವಿಗೂ ಆಗುವುದಿಲ್ಲ. ಬೇಳೆಯ ಜೊತೆ ಸೊಪ್ಪು, ಟೊಮೆಟೊ, ಈರುಳ್ಳಿ ಬೇಯಿಸಿ, ಮಸೆದು, ಒಗ್ಗರಣೆ ಕೊಟ್ಟರೆ ಆಯಿತು. ಸಿಹಿಗುಂಬಳ, ಕ್ಯಾರೆಟ್, ಸೋರೆಕಾಯಿಯಂಥವನ್ನೂ ಬೇಳೆಯೊಂದಿಗೆ ಬೇಯಿಸಿ ಕಡೆಗೋಲಿನಿಂದ ಮಸೆದುಬಿಟ್ಟರೆ ಸಾಂಬಾರು ತಾನಾಗಿಯೇ ಗಟ್ಟಿಯಾಗುತ್ತದೆ, ನೀರು ಸುರಿಯುವ ಆಸೆಯೂ ತಗ್ಗುತ್ತದೆ. ಬಸ್ಸಾರಿನ ದಿನ ಕಾಳು ಮತ್ತು ಸೊಪ್ಪು ಬೆಂದ ನೀರು ಸಾರಿಗೂ, ಬಸಿದುಕೊಂಡ ಕಾಳು ಸೊಪ್ಪು ಪಲ್ಯಕ್ಕೂ ಹೋಗುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳು ಚರಂಡಿಗೆ ಹೋಗುವುದಿಲ್ಲ. ಪೋಷಣೆಯ ದೃಷ್ಟಿಯಿಂದ ಇಷ್ಟು ಜಾಣತನದ ಅಡುಗೆ ನನಗೆ ತಿಳಿದಂತೆ ಕಡಿಮೆ. ಉತ್ತರ ಕರ್ನಾಟಕದ ಶಾಲೆಯಾಗಿದ್ದರೆ ಇದೇ ಕೆಲಸವನ್ನು ಪುಂಡಿಪಲ್ಯ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿಗಳು ಮಾಡುತ್ತವೆ. ಕರಾವಳಿಯಲ್ಲಾದರೆ ಬಸಳೆ ಮತ್ತು ಹರಿವೆಯ ಪದಾರ್ಥಗಳಿವೆ. ಆಯಾ ಸೀಮೆಯ ಮಗು ಮನೆಯಲ್ಲಿ ಉಣ್ಣುವ ರುಚಿಯೇ ಶಾಲೆಯಲ್ಲೂ ಸಿಕ್ಕಿದರೆ ತಟ್ಟೆ ಖಾಲಿಯಾಗುತ್ತದೆ. ಪಟ್ಟಿ ಬದಲಿಸುವಾಗ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದೇ ಮಾಡಿ.

ಸೊಪ್ಪಿನಲ್ಲಿ ನಾನು ಮೊದಲು ಹೆಸರಿಸುವುದು ನುಗ್ಗೆಸೊಪ್ಪನ್ನು. ಪಾಲಕಿನಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಅದರ ಸುಣ್ಣದಂಶ ಮೈಗೆ ಹತ್ತುವುದು ಅಲ್ಪ, ನುಗ್ಗೆಯಲ್ಲಿ ಆ ತೊಂದರೆ ಬಹಳ ಕಡಿಮೆ. ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿ ಗ್ರಾಂಗಿಂತ ಹೆಚ್ಚು ಸುಣ್ಣದಂಶವೂ ಆರು ಗ್ರಾಂನಷ್ಟು ಪ್ರೋಟೀನೂ ಇರುತ್ತವೆ. ಎ ಜೀವಸತ್ವವಾಗಿ ಬದಲಾಗುವ ಬೀಟಾ ಕೆರೋಟಿನ್ ಅಂತೂ ತುಂಬಿರುತ್ತದೆ. ವಾರಕ್ಕೆ ಎರಡು ದಿನ ಎರಡೆರಡು ಕಿಲೋ ಬಿಡಿಸಿದ ಸೊಪ್ಪು ಹಾಕಿದರೆ ಮಗುವೊಂದಕ್ಕೆ ಹದಿನೆಂಟು ಗ್ರಾಂನಷ್ಟು ಸಿಗುತ್ತದೆ. ಸುಣ್ಣದಂಶದ ಲೆಕ್ಕದಲ್ಲಿ ಇದು ದೊಡ್ಡದಲ್ಲ, ಆದರೆ ಎ ಜೀವಸತ್ವದ ಲೆಕ್ಕದಲ್ಲಿ ಆ ದಿನದ ಅಗತ್ಯದ ದೊಡ್ಡ ಪಾಲು. ಕೆರೋಟಿನ್ ಮೈಗೆ ಸೇರಲು ಎಣ್ಣೆ ಬೇಕು. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಉಳಿತಾಯ ಮಾಡಬಾರದು. ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಮುಂಗಾರಿಗೆ ಮುನ್ನ ನಾಲ್ಕು ನುಗ್ಗೆ ಕೊಂಬೆ ನೆಟ್ಟು, ಎತ್ತರಕ್ಕೆ ಬಿಡದೆ ಆಳುದ್ದಕ್ಕೆ ಕತ್ತರಿಸುತ್ತ ಬಂದರೆ ಮಕ್ಕಳ ಕೈಗೆಟುಕುವಲ್ಲಿಯೇ ಸೊಪ್ಪು ಸಿಗುತ್ತದೆ. ಅಡುಗೆಮನೆಯ ಅಕ್ಕಿ ತೊಳೆದ ನೀರಿಗೆ ಕರಿಬೇವು, ಪರಂಗಿ, ದಂಟು ಬೆಳೆಯುತ್ತವೆ.

ಇನ್ನು ರಕ್ತಹೀನತೆ. ನಿಮ್ಮ ಊರು ಇದರಲ್ಲಿ ಒಂಟಿಯಲ್ಲ. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆ ಮಕ್ಕಳೇ ಇಂದು ನಿಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದಾರೆ. ಅನ್ನ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದು ಬಹಳ ಕಡಿಮೆ ಎಂಬುದು ಇಲ್ಲಿಯ ಮುಖ್ಯ ತೊಡಕು. ಅದೇ ಊಟದ ಜೊತೆಗೆ ಸಿ ಜೀವಸತ್ವ ಸಾಕಷ್ಟು ಸೇರಿದರೆ ಹೀರಿಕೆ ಗಣನೀಯವಾಗಿ ಹೆಚ್ಚುತ್ತದೆ. ಈ ಮಾತನ್ನು ಕೇಳಿ ಹಲವು ಶಾಲೆಗಳಲ್ಲಿ ಸಾಂಬಾರಿಗೆ ನಾಲ್ಕು ನಿಂಬೆಹಣ್ಣು ಹಿಂಡುತ್ತಾರೆ. ನೂರು ಮಕ್ಕಳಿಗೆ ಹಂಚಿದಾಗ ಅದರಿಂದ ರುಚಿ ಬರಬಹುದು, ಪ್ರಯೋಜನವಾಗದು. ಒಂದು ಮಗುವಿಗೆ ಊಟದ ಹೊತ್ತಿಗೆ ಕನಿಷ್ಠ ಇಪ್ಪತ್ತೈದು ಮಿಲಿ ಗ್ರಾಂನಷ್ಟು ಸಿ ಜೀವಸತ್ವ ಸಿಕ್ಕಬೇಕು. ಅಷ್ಟನ್ನು ಒಂದು ಸೀಬೆಹಣ್ಣಿನ ಕಾಲು ಭಾಗ ಕೊಟ್ಟುಬಿಡುತ್ತದೆ. ನಾಲ್ಕು ಮಕ್ಕಳಿಗೆ ಒಂದು ಹಣ್ಣಿನಂತೆ ಇಪ್ಪತ್ತೆಂಟು ಸೀಬೆಹಣ್ಣು ಸಾಕು. ನೆಲ್ಲಿಕಾಯಿಯ ಕಾಲದಲ್ಲಿ ಮಗುವಿಗೆ ಅರ್ಧ ಬೆಟ್ಟದ ನೆಲ್ಲಿಕಾಯಿ ಕೊಟ್ಟರೂ ಇಷ್ಟೇ ಫಲ. ಹಣ್ಣನ್ನು ಚೆನ್ನಾಗಿ ತೊಳೆದು, ಬಡಿಸುವ ಹೊತ್ತಿಗೆ ಹೆಚ್ಚಿ, ಊಟದ ಜೊತೆಯಲ್ಲಿಯೇ ಕೊಡಬೇಕು. ಬಿಸಿಗೂ ಗಾಳಿಗೂ ಸಿ ಜೀವಸತ್ವ ನಾಶವಾಗುತ್ತದೆ. ಸೀಬೆಮರ ಇಲ್ಲದ ಬೀದಿ ನಮ್ಮ ಊರುಗಳಲ್ಲಿ ಅಪರೂಪ. ಸುಗ್ಗಿಯ ಕಾಲದಲ್ಲಿ ಹಣ್ಣು ಮರದಡಿಯಲ್ಲಿ ಕೊಳೆಯುತ್ತ ಬಿದ್ದಿರುವಾಗ ಪಕ್ಕದ ಶಾಲೆಯ ಮಕ್ಕಳು ರಕ್ತಹೀನತೆಯಿಂದ ಬಳಲುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕಾಳುಗಳಲ್ಲಿ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದಾಗ ಅದು ತಗ್ಗುತ್ತದೆ, ಸಿ ಜೀವಸತ್ವವೂ ಹೊಸದಾಗಿ ಹುಟ್ಟುತ್ತದೆ. ವಾರಕ್ಕೊಮ್ಮೆ ತೊಗರಿಬೇಳೆಯ ಒಂದು ಪಾಲಿನ ಬದಲು ಮೊಳಕೆ ಹುರುಳಿ, ಹೆಸರು ಅಥವಾ ಅಲಸಂದೆಯನ್ನು ಸಾರಿಗೆ ಬಳಸಿ. ಶಾಲೆಯಲ್ಲಿ ಹಸಿ ಮೊಳಕೆಕಾಳನ್ನು ಮಾತ್ರ ಕೊಡಬೇಡಿ. ಬಿಸಿಲಿನ ದಿನಗಳಲ್ಲಿ ಮೊಳಕೆಯ ಜೊತೆ ರೋಗಾಣುಗಳೂ ಬೆಳೆಯುತ್ತವೆ, ಬೇಯಿಸಿಯೇ ಬಡಿಸುವುದು ಕ್ಷೇಮ. ಬೆಳಿಗ್ಗೆ ಕೊಡುವ ಕ್ಷೀರಭಾಗ್ಯದ ಹಾಲು ಊಟದಿಂದ ದೂರವಿರಲಿ. ಹಾಲಿನ ಸುಣ್ಣದಂಶ ಕಬ್ಬಿಣದ ಹೀರಿಕೆಗೆ ಅಡ್ಡಿ. ಮನೆಯಲ್ಲಿ ಊಟದ ಬೆನ್ನಿಗೇ ಮಕ್ಕಳಿಗೆ ಟೀ ಕೊಡುವ ರೂಢಿಯಿದ್ದರೆ ಅದನ್ನು ಬಿಡಿಸುವ ಮಾತನ್ನು ಪೋಷಕರ ಸಭೆಯಲ್ಲಿ ನೀವೇ ಆಡಬೇಕು. ತಾಯಂದಿರಿಗೆ ಇನ್ನೊಬ್ಬ ತಾಯಿ ಹೇಳಿದರೆ ನಾಟುತ್ತದೆ.

ಅಕ್ಕಿಯ ಚೀಲದ ಮೇಲೆ ಸಾರವರ್ಧಿತ ಎಂದು ಬರೆದು ‘ಪ್ಲಸ್ ಎಫ್’ ಗುರುತು ಹಾಕಿದ್ದರೆ ಇನ್ನೊಂದು ಸೋರಿಕೆಯನ್ನು ಗಮನಿಸಬೇಕು. ಅಂಥ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ, ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ತಂದ ಕಾಳನ್ನು ಬೆರೆಸಿರುತ್ತಾರೆ. ಅದರ ಬಣ್ಣ ತುಸು ಬೇರೆ. ಅದನ್ನೇ ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ, ಮೊರದಲ್ಲಿ ಕೇರುವಾಗ ಒಂದೊಂದಾಗಿ ಆರಿಸಿ ಎಸೆಯುತ್ತಿದ್ದ ಅಡುಗೆಯವರನ್ನು ನಾನು ಕಂಡಿದ್ದೇನೆ. ಮಕ್ಕಳ ಮೇಲಿನ ಕಾಳಜಿಯಿಂದಲೇ ಅವರು ಮಕ್ಕಳ ಕಬ್ಬಿಣಾಂಶವನ್ನು ತಿಪ್ಪೆಗೆ ಹಾಕುತ್ತಿದ್ದರು. ಒಂದು ಹಿಡಿಯನ್ನು ಎದುರಿಗೇ ಬೇಯಿಸಿ, ಆ ಕಾಳೂ ಅನ್ನವಾಗುವುದನ್ನು ತೋರಿಸಿದ ಮೇಲೆ ನಿಲ್ಲಿಸಿದರು. ಅಕ್ಕಿಯನ್ನು ಎರಡು ಸಲಕ್ಕಿಂತ ಹೆಚ್ಚು ತೊಳೆಯುವುದು ಬೇಡ. ಗಂಜಿ ಬಸಿಯುವುದಂತೂ ಬೇಡವೇ ಬೇಡ, ನೀರನ್ನು ಅಳತೆಗೆ ಇಟ್ಟು ಇಂಗಿಸಬೇಕು. ಸಾರವರ್ಧಿತವಲ್ಲದ ಅಕ್ಕಿಗೂ ಇದೇ ಮಾತು, ಏಕೆಂದರೆ ಬಿ ಗುಂಪಿನ ಜೀವಸತ್ವಗಳು ಗಂಜಿಯ ಜೊತೆ ಹೊರಟುಹೋಗುತ್ತವೆ. ಮಗುವಿಗೆ ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಇದ್ದರೆ ಮಾತ್ರ ಕಬ್ಬಿಣದ ವಿಷಯದಲ್ಲಿ ವೈದ್ಯರ ಸಲಹೆಯಂತೆಯೇ ನಡೆಯಬೇಕು.

ಇಷ್ಟೆಲ್ಲ ಮಾಡಿದರೂ, ಈಗಾಗಲೇ ರಕ್ತಹೀನತೆ ಇರುವ ಮಗುವನ್ನು ಊಟವೊಂದೇ ಗುಣಪಡಿಸುತ್ತದೆ ಎಂದು ನಾನು ಹೇಳಲಾರೆ. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಹಿಮೊಗ್ಲೋಬಿನ್ ನೂರು ಮಿಲಿ ಲೀಟರ್ ರಕ್ತಕ್ಕೆ 11.5 ಗ್ರಾಂಗಿಂತ, ಹನ್ನೆರಡರಿಂದ ಹದಿನಾಲ್ಕರವರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ಅಂಥವರ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪಡೆದು, ಅವರಿಗೆ ಚಿಕಿತ್ಸೆ ನಡೆಯುತ್ತಿದೆಯೇ ಎಂದು ವಿಚಾರಿಸಿ. ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು, ಐದರಿಂದ ಹತ್ತು ವರ್ಷದವರ ಗುಲಾಬಿ ಬಣ್ಣದ್ದಾಗಲಿ ದೊಡ್ಡವರ ನೀಲಿ ಬಣ್ಣದ್ದಾಗಲಿ, ಊಟವಾದ ಮೇಲೆ ಶಿಕ್ಷಕರ ಎದುರಿಗೇ ನುಂಗಿಸಬೇಕು. ಜೇಬಿಗೆ ಹೋದ ಮಾತ್ರೆ ಹೊಟ್ಟೆಗೆ ಹೋಗುವುದು ಅನುಮಾನ. ಜಂತುಹುಳುವಿನ ಮಾತ್ರೆ ಕೊಡುವ ದಿನ ಗೈರುಹಾಜರಾದವರನ್ನು ಗುರುತಿಟ್ಟು ಆಮೇಲೆ ಕೊಡಿಸಿ. ಬರಿಗಾಲಿನಲ್ಲಿ ಬಯಲಿಗೆ ಹೋಗುವ ಮಗುವಿನ ಕರುಳಿನಲ್ಲಿ ಕೊಕ್ಕೆಹುಳು ರಕ್ತ ಹೀರುತ್ತಿರುವಾಗ ನುಗ್ಗೆಸೊಪ್ಪು ಏನು ಮಾಡೀತು?

ಮೊಟ್ಟೆಯ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಮೊಟ್ಟೆಯ ವಿತರಣೆ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರೂ ದಿನಕ್ಕೆ ಬಂದಿತು. ಆರಂಭದ ದಿನಗಳಲ್ಲಿ ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಜಿಲ್ಲೆಯ ಮಕ್ಕಳನ್ನು ಸಿಗದಿದ್ದ ಗದಗಿನ ಮಕ್ಕಳೊಂದಿಗೆ ಹೋಲಿಸಿ ನಡೆದ ಅಧ್ಯಯನದಲ್ಲಿ, ಮೊಟ್ಟೆ ಪಡೆದ ಮಕ್ಕಳ ಬೆಳವಣಿಗೆ ಉತ್ತಮವಾಗಿತ್ತು. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಉತ್ಕೃಷ್ಟ ಪ್ರೋಟೀನ್, ಎ ಜೀವಸತ್ವ, ಅನ್ನ ಸಾಂಬಾರಿನಲ್ಲಿ ಸಿಗದ ಬಿ12 ಎಲ್ಲವೂ ಇವೆ. ಆದರೆ ಮೊಟ್ಟೆಯ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಮೊಟ್ಟೆ ಕೊಡುತ್ತಿದ್ದೇವೆ, ಇನ್ನು ರಕ್ತಹೀನತೆಯ ಚಿಂತೆಯಿಲ್ಲ ಎಂದುಕೊಳ್ಳಬಾರದು. ಮೊಟ್ಟೆ ತಿನ್ನದ ಮನೆಯ ಮಕ್ಕಳಿಗೆ ಬಾಳೆಹಣ್ಣು ಸಿಗುತ್ತದೆ. ಬಾಳೆಹಣ್ಣು ಒಳ್ಳೆಯ ಹಣ್ಣೇ, ಆದರೆ ಅದರಲ್ಲಿ ಪ್ರೋಟೀನ್ ಒಂದು ಗ್ರಾಂ ಮಾತ್ರ. ಆ ಮಕ್ಕಳಿಗೆ ಬಾಳೆಹಣ್ಣಿನ ಜೊತೆ ಒಂದು ಹಿಡಿ, ಅಂದರೆ ಇಪ್ಪತ್ತೈದು ಗ್ರಾಂ ಕಡಲೆಕಾಯಿ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ ಕೊಟ್ಟರೆ ಪ್ರೋಟೀನಿನ ಅಂತರ ತುಂಬುತ್ತದೆ. ಮುಗ್ಗಿದ, ಬಣ್ಣಗೆಟ್ಟ ಬೀಜ ವಿಷಕಾರಿ, ಅವನ್ನು ಆರಿಸಿ ತೆಗೆಯಲೇಬೇಕು. ಕಡಲೆಕಾಯಿ ಒಗ್ಗದ ಮಗು ಇದೆಯೇ ಎಂದು ಪೋಷಕರನ್ನು ಮೊದಲೇ ಕೇಳಿಕೊಳ್ಳಿ. ಬಿ12ರ ಮಟ್ಟಿಗೆ ಈ ಮಕ್ಕಳ ಆಸರೆ ಹಾಲೇ ಆದ್ದರಿಂದ, ಬೆಳಗಿನ ಹಾಲನ್ನು ಅವರು ಚೆಲ್ಲದೆ ಕುಡಿಯುವಂತೆ ನೋಡಿಕೊಳ್ಳಬೇಕು. ಮೊಟ್ಟೆ ತಿನ್ನುವವರು, ತಿನ್ನದವರು ಎಂದು ಮಕ್ಕಳನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದನ್ನು ಕೂಡಲೇ ಬಿಡಿಸಿ. ಜೊತೆಯಲ್ಲಿ ಕುಳಿತು ಉಣ್ಣುವುದು ದಾಸೋಹ ಎಂಬ ಮಾತಿನೊಳಗೇ ಇದೆ.

ಹಣದ ಮಾತಿಗೆ ಬರುತ್ತೇನೆ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ ಮತ್ತು ಇಂಧನಕ್ಕೆಂದು 2025ರ ಮೇ 1ರಿಂದ ಮಗುವೊಂದಕ್ಕೆ ದಿನಕ್ಕೆ ಪ್ರಾಥಮಿಕದಲ್ಲಿ 6.78 ರೂಪಾಯಿ, ಹಿರಿಯ ಪ್ರಾಥಮಿಕದಲ್ಲಿ 10.17 ರೂಪಾಯಿ ಎಂದು ನಿಗದಿಯಾಯಿತು. ನಿಮ್ಮ ಶಾಲೆಗೆ ಇದು ದಿನಕ್ಕೆ ಸುಮಾರು 900 ರೂಪಾಯಿ. ನಮ್ಮ ರಾಜ್ಯದಲ್ಲಿ ಬೇಳೆ ಮತ್ತು ಎಣ್ಣೆ ಬಹುಮಟ್ಟಿಗೆ ಸಾಮಗ್ರಿಯಾಗಿಯೇ ಬರುವುದರಿಂದ ಕೈಗೆ ಸಿಗುವ ನಗದು ಇದಕ್ಕಿಂತ ಬಹಳ ಕಡಿಮೆ. ಟೊಮೆಟೊ, ಈರುಳ್ಳಿಯ ಬೆಲೆ ಏರಿದಾಗ ಆರೂವರೆ ಕಿಲೋ ತರಕಾರಿ ಕೊಳ್ಳುವುದು ಕಷ್ಟವೇ, ಇದನ್ನು ಒಪ್ಪಿಕೊಳ್ಳಬೇಕು. ಈ ಕೊರತೆಯನ್ನು ತುಂಬಬಲ್ಲದ್ದು ಊರು. ಕರಾವಳಿಯಲ್ಲಿ ದೇವಸ್ಥಾನದ ಜಾತ್ರೆಗೆ ಹೊರೆಕಾಣಿಕೆ ಒಪ್ಪಿಸುವಂತೆ, ವಾರಕ್ಕೊಂದು ಓಣಿಯವರು ತಮ್ಮ ಹೊಲ ಹಿತ್ತಿಲಿನ ಸಿಹಿಗುಂಬಳ, ಸೊಪ್ಪು, ಸೀಬೆ, ಪರಂಗಿಯನ್ನು ಶಾಲೆಗೆ ತಂದೊಪ್ಪಿಸುವ ರೂಢಿಯನ್ನು ನೀವು ಹುಟ್ಟುಹಾಕಬಹುದು. ನಿಮ್ಮದು ರಾಗಿ ಬೆಳೆಯುವ ಸೀಮೆಯಾಗಿದ್ದರೆ ಒಕ್ಕಣೆಯ ಕಾಲದಲ್ಲಿ ಮನೆಗೊಂದು ಕಿಲೋದಂತೆ ಎತ್ತಿ. ಎಂಬತ್ತು ಮನೆಗಳಿಂದ ಎಂಬತ್ತು ಕಿಲೋ ಕೂಡಿದರೆ, ವಾರಕ್ಕೊಮ್ಮೆ ಮಗುವೊಂದಕ್ಕೆ ಐವತ್ತು ಗ್ರಾಂ ಹಿಟ್ಟಿನ ಪುಟ್ಟ ಮುದ್ದೆಯಂತೆ ಹದಿನಾಲ್ಕು ವಾರ ನಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ ಸುಮಾರು 350 ಮಿಲಿ ಗ್ರಾಂ, ಅಕ್ಕಿಯಲ್ಲಿ ಹತ್ತಕ್ಕಿಂತಲೂ ಕಡಿಮೆ. ಮುದ್ದೆಗೆ ಮಸ್ಸೊಪ್ಪು ಜೊತೆಯಾದ ದಿನ ನಿಮ್ಮ ಶಾಲೆಯ ಊಟ ಯಾವ ಖಾಸಗಿ ಶಾಲೆಯ ಟಿಫಿನ್ ಡಬ್ಬಿಗೂ ಸೋಲುವುದಿಲ್ಲ.

ಕೊನೆಗೆ, ದಾನಿಗಳ ಪ್ರೋಟೀನ್ ಪುಡಿ. ಅವರ ಮನಸ್ಸು ದೊಡ್ಡದು, ಆದರೆ ಪುಡಿಯನ್ನು ಒಪ್ಪಿಕೊಳ್ಳಬೇಡಿ ಎಂದು ನನ್ನ ಸಲಹೆ. ಅಂಥ ಡಬ್ಬಿಗಳಲ್ಲಿ ಹಲವಕ್ಕೆ ಸಕ್ಕರೆ ಧಾರಾಳವಾಗಿ ಬೆರೆತಿರುತ್ತದೆ. ಬೆಲೆಗೆ ಹೋಲಿಸಿದರೆ ಸಿಗುವ ಪ್ರೋಟೀನ್ ಕಡಲೆಕಾಯಿಗಿಂತಲೂ ತೊಗರಿಬೇಳೆಗಿಂತಲೂ ತುಟ್ಟಿ. ತೆರೆದ ಡಬ್ಬಿ ಮಳೆಗಾಲದಲ್ಲಿ ಗಂಟುಕಟ್ಟಿ ಕೆಡುತ್ತದೆ, ಎರಡು ತಿಂಗಳಲ್ಲಿ ಮುಗಿದುಹೋದ ಮೇಲೆ ಮತ್ತೆ ಕೊಡುವವರು ಯಾರು? ಅವರ ಮನೆಗೆ ಹೋಗಿ ಕೃತಜ್ಞತೆ ಹೇಳಿ, ಆ ಹಣದಲ್ಲಿ ಅಡುಗೆಮನೆಗೆ ಒಂದು ಒಳ್ಳೆಯ ತೂಕದ ಯಂತ್ರ, ಸೊಪ್ಪು ಕಾಳು ಮಸೆಯಲು ಮತ್ತು ಮಸಾಲೆ ರುಬ್ಬಲು ದೊಡ್ಡ ಗ್ರೈಂಡರ್, ತರಕಾರಿ ಹೆಚ್ಚುವ ಕೈಯಂತ್ರ, ಬೇಳೆ ಬೇಗ ಬೇಯಲು ಒಂದು ದೊಡ್ಡ ಕುಕ್ಕರ್ ಕೊಡಿಸುವಂತೆ ಕೇಳಿಕೊಳ್ಳಿ. ಒಂದು ದಿನ ಮಧ್ಯಾಹ್ನ ಅವರನ್ನು ಶಾಲೆಗೆ ಕರೆದು ಮಕ್ಕಳ ಸಾಲಿನಲ್ಲಿಯೇ ಊಟಕ್ಕೆ ಕೂರಿಸಿ, ಎಂಜಲು ಹಾಕುವ ಬಕೆಟ್ಟನ್ನು ಅವರೆದುರಿಗೇ ತೂಗಿ ತೋರಿಸಿ. ಆ ಬಕೆಟ್ಟಿನ ತೂಕವನ್ನು ಅಂದಿನಿಂದ ಪ್ರತಿದಿನ ರುಚಿ ನೋಡುವ ಪುಸ್ತಕದ ಕೊನೆಯ ಅಂಕಣದಲ್ಲಿ ಬರೆಸುತ್ತ ಹೋಗಿ, ಮೂರು ತಿಂಗಳ ಮೇಲೆ ಆ ಅಂಕಿಗಳನ್ನು ನನಗೆ ಕಳುಹಿಸಿಕೊಡಿ.